ಅಪ್‌ಡೇಟ್: ಕಾಲುಬಾಯಿ ಜ್ವರದ ಹಸು ಈಗ ಮೇವು ತಿನ್ನುತ್ತಿದೆ

ನಮ್ಮ ಹಸು ಜೊಲ್ಲು ಸುರಿಸುತ್ತಾ ಮೇವು ಬಿಟ್ಟಿದೆ, ಗೊರಸಿನ ಸಂದಿನಲ್ಲಿ ಹುಣ್ಣಾಗಿದೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಹನ್ನೆರಡು ದಿನದ ಮೇಲೆ ಈಗ ಮೆಲುಕು ಹಾಕುತ್ತಿದೆ.

ಬಾಯಿಗೆ ಅಡಿಗೆ ಸೋಡಾ ಹೇಳಿದವರಿಗೆ ದೊಡ್ಡ ಧನ್ಯವಾದ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 20 ಗ್ರಾಂ, ದಿನಕ್ಕೆ ಮೂರು ಸಲ ತೊಳೆದು, ಮೇಲೆ ಬೋರೋಗ್ಲಿಸರಿನ್ (ಬೋರಿಕ್ ಪುಡಿ ಬೆರೆಸಿದ ಗ್ಲಿಸರಿನ್) ಹಚ್ಚಿದೆವು. ನಾಲಿಗೆಯ ಸಿಪ್ಪೆ ಪೂರ್ತಿ ಕಿತ್ತುಬಂದು ಕೆಂಪು ಮಾಂಸ ಕಾಣುತ್ತಿತ್ತು. ಒಣಹುಲ್ಲು ಚುಚ್ಚುತ್ತಿದ್ದರಿಂದ ಗಂಜಿ, ಎಳೆ ಹುಲ್ಲು ಮಾತ್ರ ಕೊಟ್ಟೆವು. ಗೊರಸಿನಲ್ಲಿ ಹುಳ ಬಿದ್ದಿತ್ತು. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟಾಗ ಹುಳಗಳು ಹೊರಬಂದವು, ಚಿಮುಟದಿಂದ ತೆಗೆದೆವು.

ಕೊಟ್ಟಿಗೆಗೆ ಫಿನಾಯಿಲ್ ಹಾಕಿದ್ದು ದಂಡ. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇಲ್ಲದ್ದರಿಂದ ಫಿನಾಯಿಲ್ ಅಷ್ಟಾಗಿ ನಾಟುವುದಿಲ್ಲ. ಸಗಣಿ ಬಳಿದು ತೆಗೆದ ಮೇಲೆ 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಹಾಕಿ ತೊಳೆಯಬೇಕು. ಡಾಕ್ಟರ್ ಕೊಟ್ಟ ಆಂಟಿಬಯಾಟಿಕ್ ಹುಣ್ಣು ಕೀವಾಗದಿರಲಿ ಅಂತ ಅಷ್ಟೇ, ವೈರಸ್‌ಗಲ್ಲ.

ಗೊತ್ತಿಲ್ಲದೇ ಇದ್ದ ಸಂಗತಿ ಕರುವಿನದು. ಎಳೆಗರುಗಳಿಗೆ ವೈರಸ್ ಹೃದಯದ ಸ್ನಾಯುವಿಗೇ ಇಳಿಯುತ್ತದೆ, ಬಾಯಲ್ಲಿ ಒಂದು ಗುಳ್ಳೆಯೂ ಏಳದೆ ದಿಢೀರನೆ ಸಾಯಬಹುದು. ಮೊದಲ ದಿನವೇ ಕರುವನ್ನು ತಾಯಿಯಿಂದ ಬಿಡಿಸಿ, ರೋಗವಿಲ್ಲದ ಹಸುವಿನ ಹಾಲು ಕುಡಿಸಿ ಅಂದವರ ಮಾತು ಕೇಳಿದ್ದು ಒಳ್ಳೆಯದಾಯಿತು, ಕರು ಗಟ್ಟಿಯಾಗಿದೆ.

ವಾಸಿಯಾಯಿತಲ್ಲ, ಇನ್ನು ಲಸಿಕೆ ಯಾಕೆ ಅನ್ನಬೇಡಿ. ಏಳು ಬಗೆಯ ವೈರಸ್ ಇವೆ, ಒಂದು ಬಂದು ಹೋದರೆ ಇನ್ನೊಂದಕ್ಕೆ ತಡೆ ಇರುವುದಿಲ್ಲ.