ಸ್ಟೀಲ್ ಸುಂಕದ ಫಾರ್ವರ್ಡು: ನಮ್ಮನೆ ಗ್ರೂಪಲ್ಲಿ ನಡೆದ ಮಾತು

ರಾಜಣ್ಣ ಮಾವ: (ಫಾರ್ವರ್ಡ್) ಅಮೆರಿಕ 2025ರಲ್ಲಿ ನಮ್ ಸ್ಟೀಲ್ ಮೇಲೆ ಶೇ 50 ಸುಂಕ ಹಾಕೈತೆ. ಹಾಕಿ ಅಂತ ಕೇಳ್ದೋರೇ ಅಲ್ಲಿನ ಯೂನಿಯನ್ನೋರು. ನಮ್ ಕೆಲಸಗಾರ್ರಿಗೆ ಅವರೇ ಶತ್ರು. ಎಲ್ಲಾರ್ಗೂ ಕಳ್ಸಿ.

ಕುಮಾರ: ಮಾವ ನಮ್ಮೋರೂ ಹೊರಗಿನ ಸ್ಟೀಲ್ ಮೇಲೆ ಹಾಕವ್ರಲ್ಲ, 2025ರ ಏಪ್ರಿಲ್‌ನಲ್ಲಿ ಶೇ 12. ಹೆಬ್ಬಾಳದ ನನ್ ಶೆಡ್ಡಿಗೆ ಬರೋ ಶೀಟ್ ರೇಟು ಏರ್ತು, ಆರ್ಡರ್ ಕೊಟ್ಟೋರು ಮಾತ್ರ ಹಳೇ ರೇಟಿಗೇ ಮಾಡ್ಕೊಡಪ್ಪ ಅಂತಾರೆ. ನನ್ ಹತ್ರ ಕಟಿಂಗು ವೆಲ್ಡಿಂಗು ಮಾಡೋ ಆರು ಹುಡುಗ್ರೂ ಸ್ಟೀಲ್ ಕೆಲಸದೋರೇ, ಅವರ ಲೆಕ್ಕ ಯಾರೂ ಇಡಲ್ಲ

ಗೀತತ್ತೆ: ಸುಂಕಾನೇ ಬೇಡ ಅನ್ಬೇಡ ಕುಮಾರ. 2011ರ ಬಜೆಟ್ಟಲ್ಲಿ ಹೊರಗಿನ ಕಚ್ಚಾ ರೇಷ್ಮೆ ಮೇಲಿನ ಸುಂಕ ಶೇ 30ರಿಂದ 5ಕ್ಕೆ ಇಳಿಸಿದ್ರು ನೆನಪೈತಾ? ಹುಳ ಹಣ್ಣಾಗಿ ಗೂಡು ಕಟ್ಲಿ ಅಂತ ಚಂದ್ರಂಕಿ ತಟ್ಟೆಗೆ ಬಿಟ್ಟಿದ್ವಿ, ನಿಮ್ ಚಿಕ್ಕಪ್ಪ ಗೂಡು ತಕಂಡು ರಾಮನಗರಕ್ಕೆ ಹೋಗಿ ವಾಪಸ್ ಬಂದವ್ರು ರೇಟೇ ಹೇಳ್ಲಿಲ್ಲ, ಚೀಲ ಮಡಚಿಟ್ಟು ಮಲಗ್ಬುಟ್ರು. ಚೀನಾ ನೂಲು ಬಂದ್ರೆ ನಮ್ ಹಿಪ್ಪುನೇರಳೆ ತೋಟಕ್ಕೆ ಏನಾಯ್ತದೆ ಅಂತ ಕಂಡೋಳು ನಾನು

ರಾಜಣ್ಣ ಮಾವ: ಹೂಂ ಮತ್ತೆ. ಪ್ರಪಂಚದ ಸ್ಟೀಲಲ್ಲಿ ಅರ್ಧಕ್ಕಿಂತ ಜಾಸ್ತಿ ಚೀನಾದೋರೇ ಮಾಡೋದು, ಬಾಗ್ಲು ತೆಗೆದ್ರೆ ನಾವು ಉಳಿಯಲ್ಲ

ಚೈತ್ರ: ಅತ್ತೆ ನಿಮ್ಮಾತು ಒಪ್ತೀನಿ, ಸುಂಕ ಬೇಕಾಗೋ ಟೈಮ್ ಇರುತ್ತೆ. ಆದ್ರೆ ಮಾವ ಆ ಫಾರ್ವರ್ಡಲ್ಲಿ ಅರ್ಧ ಬಿಟ್ಟವ್ರೆ. ಯುನೈಟೆಡ್ ಸ್ಟೀಲ್‌ವರ್ಕರ್ಸ್ ಅನ್ನೋ ಆ ಯೂನಿಯನ್ನಲ್ಲಿ ಕೆನಡಾದೋರೂ ಮೆಂಬರ್ಸು, 2018ರಲ್ಲಿ ಅದರ ಅಧ್ಯಕ್ಷ ಲಿಯೋ ಜೆರಾರ್ಡ್ ಕೆನಡಾದವರೇ. ಆಗ ಟ್ರಂಪ್ ಶೇ 25 ಹಾಕ್ದಾಗ ಕೆನಡಾನ ಬಿಡಿ ಅಂತ ಈ ಯೂನಿಯನ್ನೇ ಹಠ ಹಿಡೀತು, ಆದ್ರೂ ಜೂನ್‌ನಲ್ಲಿ ಕೆನಡಾಕ್ಕೂ ಬಿತ್ತು, 2019ರ ಮೇನಲ್ಲಿ ತೆಗೆದ್ರು

ರಾಜಣ್ಣ ಮಾವ: ಅಲ್ಲ ಕಣವ್ವ, ಕೆನಡಾದೋರು ಅವರ ಪಕ್ಕದ ಮನೆಯೋರು, ಕೇಳುದ್ರು. ನಮ್ ಪರ ಯಾರ್ ಕೇಳ್ತಾರೆ?

ಚೈತ್ರ: ಪಕ್ಕದ ಮನೆ ಅಂತಲ್ಲ ಮಾವ, ಒಂದೇ ಯೂನಿಯನ್ ಅಂತ ಕೇಳಿದ್ದು. ಅದೇ ಯೂನಿಯನ್ನು 2008ರಲ್ಲಿ ಬ್ರಿಟನ್ನಿನ ಯುನೈಟ್ ಅನ್ನೋ ಯೂನಿಯನ್ ಜೊತೆ ಸೇರ್ಕೊಂಡು ವರ್ಕರ್ಸ್ ಯುನೈಟಿಂಗ್ ಅಂತ ಒಂದು ಒಕ್ಕೂಟ ಮಾಡ್ತು, ಮೆಕ್ಸಿಕೋ ಗಣಿ ಕಾರ್ಮಿಕರ ಮುಖಂಡ ಗೊಮೆಸ್ ಉರುಟಿಯಾ 2006ರಿಂದ ವರ್ಷಗಟ್ಟಲೆ ದೇಶ ಬಿಟ್ಟು ಕೆನಡಾದಲ್ಲಿ ಇರಬೇಕಾದಾಗ ಬೆನ್ನಿಗೆ ನಿಂತ್ಕೊಳ್ತು. ನಮಗೆ ಅಂಥ ನಂಟು ಕಮ್ಮಿ, ಅದಕ್ಕೇ ನಮ್ ಹೆಸರು ಬರಲ್ಲ

ಕುಮಾರ: ಬಂದ್ರೂ ಏನು ಲಾಭ

ಚೈತ್ರ: ಕೇಳು. 2024ರ ಸೆಪ್ಟೆಂಬರಲ್ಲಿ ವೇಲ್ಸಿನ ಪೋರ್ಟ್ ಟಾಲ್ಬಟ್‌ನಲ್ಲಿ ಟಾಟಾ ಕೊನೇ ಬ್ಲಾಸ್ಟ್ ಫರ್ನೇಸ್ (ಅದಿರು ಕರಗಿಸೋ ಕುಲುಮೆ) ಆರಿಸ್ತು, ಬ್ರಿಟನ್ನಲ್ಲಿ ಸುಮಾರು 2,800 ಕೆಲಸ ಹೋಗೋ ಲೆಕ್ಕ. ಅದೇ ತಿಂಗಳು ಅದೇ ಕಂಪನಿ ಒಡಿಶಾದ ಕಳಿಂಗನಗರದಲ್ಲಿ ದೊಡ್ಡ ಫರ್ನೇಸ್ ಹಚ್ತು. ಮಾಲೀಕರಿಗೆ ಎರಡೂ ಊರು ಒಂದೇ ಪುಸ್ತಕದ ಲೆಕ್ಕ, ಕೆಲಸದೋರು ಮಾತ್ರ ನಮ್ಮೂರು ನಿಮ್ಮೂರು ಅಂತ ಕೂತಿರ್ತೀವಿ. ಇನ್ನೊಂದು, ಇದನ್ನ ಪಾಠ ಮಾಡೋವಾಗೆಲ್ಲ ನನ್ ಹೊಟ್ಟೆ ಉರಿಯುತ್ತೆ: 1924ರಲ್ಲಿ ಇದೇ ದೇಶದಲ್ಲಿ ಸ್ಟೀಲ್ ರಕ್ಷಣೆಗೆ ಅಂತ ಕಾಯ್ದೆ ಮಾಡಿ ಹೊರಗಿನ ಮಾಲಿಗೆ ಸುಂಕ ಹಾಕಿದ್ರು. ನಾಲ್ಕೇ ವರ್ಷಕ್ಕೆ, 1928ರಲ್ಲಿ, ಜಮ್ಶೆಡ್‌ಪುರದಲ್ಲಿ ಜನರನ್ನ ಕಮ್ಮಿ ಮಾಡೋ ಗಲಾಟೆ, ದೊಡ್ಡ ಮುಷ್ಕರ, ಸುಭಾಷ್ ಚಂದ್ರ ಬೋಸರೇ ಹೋಗಿ ಕಾರ್ಮಿಕ ಸಂಘದ ಅಧ್ಯಕ್ಷರಾಗಬೇಕಾಯ್ತು. ಸುಂಕ ಕಾರ್ಖಾನೆ ಉಳಿಸ್ತು, ಕೂಲಿಯವನ ಕೆಲಸ ಉಳಿಸ್ಲಿಲ್ಲ

ರಾಜಣ್ಣ ಮಾವ: ಬೋಸ್ ಹೋಗಿದ್ದು ನಂಗೊತ್ತಿರ್ಲಿಲ್ಲ

ಗೀತತ್ತೆ: ಹಂಗಾದ್ರೆ ಸುಂಕ ಹಾಕೋವಾಗ್ಲೇ ಕೆಲಸ ತೆಗೀಬಾರ್ದು ಅಂತ ಬರಸ್ಕೋಬೇಕಿತ್ತು

ರಾಜಣ್ಣ ಮಾವ: ಸರಿ, ಆದ್ರೆ ಯಾರವ್ವ ಬರಸ್ಕೊಳೋದು?

ಚೈತ್ರ: ಯೂನಿಯನ್ನೇ ಮಾವ, ಇನ್ಯಾರು. ಇಲ್ಲೂ ಅಲ್ಲೂ ಸೇರ್ಕೊಂಡಿರೋ ಯೂನಿಯನ್ನು

ರಾಜಣ್ಣ ಮಾವ: ಸುಂಕ ಬೇಕು ಅನ್ನೋದು ನಾನು ಬಿಡಲ್ಲ. ಶತ್ರು ಅನ್ನೋ ಸಾಲು ಮಾತ್ರ ತೆಗ್ದು ಕಳಿಸ್ತೀನಿ, ಆ 1928ರದ್ದು ಬೇರೆ ಮೆಸೇಜಲ್ಲಿ ಟೈಪ್ ಮಾಡಿ ಕೊಡು