ಪ್ರೊಟೆಸ್ಟಂಟರು ಕ್ಯಾಥೊಲಿಕರ ಬಲಿಪೂಜೆಗೆ (ಮಾಸ್‌ಗೆ) ಹೋದರೆ ಪರಮಪ್ರಸಾದದ ಹೊತ್ತಿಗೆ ಏನು ಮಾಡಬೇಕು?

ಪ್ರಶ್ನೆ: ನಾವು ಪ್ರೊಟೆಸ್ಟಂಟರು. ಪರದೇಶದಲ್ಲಿ ಮನೆ ಹತ್ತಿರ ಇರೋದು ಕ್ಯಾಥೊಲಿಕ್ ಚರ್ಚ್ ಒಂದೇ, ಅಲ್ಲಿಗೇ ಹೋಗ್ತೀವಿ. ಮೊದಲ ಭಾನುವಾರ ಕರ್ತನ ಪ್ರಾರ್ಥನೆಯನ್ನ ಎಲ್ಲರೂ ‘ಕೇಡಿನಿಂದ ತಪ್ಪಿಸು’ ಅನ್ನೋದಕ್ಕೇ ನಿಲ್ಲಿಸಿದರು. ನಾನೊಬ್ಬಳೇ ನಮ್ಮಲ್ಲಿ ಹೇಳೋ ಹಾಗೆ ಗಟ್ಟಿಯಾಗಿ ‘ರಾಜ್ಯವೂ ಬಲವೂ’ ಅಂತ ಮುಂದುವರಿಸಿಬಿಟ್ಟೆ! ಅದಿರಲಿ. ಪರಮಪ್ರಸಾದಕ್ಕೆ, ಅಂದರೆ ಗುರುಗಳು ಕೊಡೋ ಪವಿತ್ರ ರೊಟ್ಟಿಗೆ, ಸಾಲು ಎದ್ದಾಗ ಮಗಳು ಕೈ ಜಗ್ಗಿ ‘ನಾವ್ಯಾಕೆ ಹೋಗಲ್ಲ?’ ಅಂತಾಳೆ. ಏನು ಹೇಳಲಿ?

ಉತ್ತರ: 1983ರ ಕ್ಯಾನನ್ ಕಾನೂನಿನ (ಕ್ಯಾಥೊಲಿಕ್ ಚರ್ಚಿನ ನಿಯಮಸಂಹಿತೆ) 844ನೇ ವಿಧಿ ಪ್ರಕಾರ, ಸಾವಿನ ಅಪಾಯದಂಥ ಗಂಭೀರ ಸಂದರ್ಭ ಬಿಟ್ಟರೆ ಪ್ರೊಟೆಸ್ಟಂಟರಿಗೆ ಪರಮಪ್ರಸಾದ ಕೊಡೋ ಹಾಗಿಲ್ಲ. ಹಲವು ಕಡೆ ಎದೆ ಮೇಲೆ ಕೈ ಅಡ್ಡ ಇಟ್ಟುಕೊಂಡು ಹೋದರೆ ಗುರುಗಳು ಆಶೀರ್ವದಿಸ್ತಾರೆ. ಮೊದಲೇ ಕೇಳಿಕೊಳ್ಳಿ.

ಉತ್ತರ: ಅಕ್ಕಾ, ‘ರಾಜ್ಯವೂ ಬಲವೂ’ ಅನ್ನೋ ಮಾತು ಬಲಿಪೂಜೆಯಲ್ಲೂ ಇದೆ. ನಡುವೆ ಗುರುಗಳದ್ದೊಂದು ಪ್ರಾರ್ಥನೆ ಆಗಿ ಆಮೇಲೆ ಬರುತ್ತೆ. ನೀವು ಸ್ವಲ್ಪ ಅವಸರ ಮಾಡಿದ್ರಿ, ಅಷ್ಟೆ.

ಕೇಳಿದವಳೇ: ಈ ವಾರ ಮಗಳು ಕೈ ಅಡ್ಡ ಇಟ್ಟುಕೊಂಡು ಹೋದಳು. ನಾನು ಬೆಂಚಲ್ಲೇ ಕೂತಿದ್ದೆ.