ಶನಿವಾರದ ಪ್ರಶ್ನೋತ್ತರ: ಸಂಬಂಧದಲ್ಲಿ ಮದುವೆ, ಗೋತ್ರ, ವಂಶವಾಹಿ

ಅಡ್ಮಿನ್: ಈ ವಾರ ನಮ್ಮ ಜೊತೆ ವೈದ್ಯಕೀಯ ತಳಿವಿಜ್ಞಾನ ತಜ್ಞೆ ಡಾ. ವಸುಧಾ ಇದ್ದಾರೆ. ಸಂಬಂಧದೊಳಗಿನ ಮದುವೆ, ಮನೆತನದಲ್ಲಿ ಬರುವ ಕಾಯಿಲೆ, ಡಿಎನ್ಎ ಪರೀಕ್ಷೆ, ಏನು ಬೇಕಾದರೂ ಕೇಳಿ. ಫಾರ್ವರ್ಡ್ ಹಾಕಬೇಡಿ. ರಾಜಕೀಯ ಬೇಡ.

ಮಂಜುನಾಥ್: ನಮಸ್ತೆ ಮೇಡಂ. ಅಕ್ಕನ ಮಗಳನ್ನ ನನಗೆ ತಂದುಕೊಳ್ಳೋದು ಅಂತ ಮನೇಲಿ ಮಾತಾಗಿದೆ. ನನ್ನದು ಬಿ ಪಾಸಿಟಿವ್, ಅವಳದು ಓ ಪಾಸಿಟಿವ್. ಗ್ರೂಪ್ ಬೇರೆ ಇರೋದ್ರಿಂದ ತೊಂದರೆ ಇಲ್ಲ ಅಲ್ವಾ?

ಡಾ. ವಸುಧಾ: ನಮಸ್ತೆ. ಬ್ಲಡ್ ಗ್ರೂಪಿಗೂ ಇದಕ್ಕೂ ಸಂಬಂಧವಿಲ್ಲ. ಗ್ರೂಪ್ ತೀರ್ಮಾನಿಸುವುದು ಒಂದೆರಡು ವಂಶವಾಹಿ, ನಮ್ಮಲ್ಲಿರುವುದು ಇಪ್ಪತ್ತು ಸಾವಿರದಷ್ಟು. ನೀವು ಮತ್ತು ಅಕ್ಕನ ಮಗಳು ನಾಲ್ಕನೇ ಒಂದು ಪಾಲು ಹಂಚಿಕೊಂಡಿರುತ್ತೀರಿ. ಅತ್ತೆಯ ಮಗಳು, ಮಾವನ ಮಗಳಾದರೆ ಎಂಟನೇ ಒಂದು. ಯಾವ ನೆಂಟಸ್ತಿಕೆಯೂ ಇಲ್ಲದ ದಂಪತಿಗಳಿಗೆ ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಗಂಭೀರವಾದ ಹುಟ್ಟುದೋಷ ಇರುತ್ತದೆ. ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಅದು ಹೆಚ್ಚುಕಮ್ಮಿ ಎರಡರಷ್ಟು, ಸೋದರಮಾವನಾದರೆ ಇನ್ನೂ ಜಾಸ್ತಿ. ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ ಎನ್ನುವುದೂ ನಿಜ. ಮನೆತನದಲ್ಲಿ ಕಿವುಡು, ಬುದ್ಧಿಮಾಂದ್ಯ, ಎಳೆಮಕ್ಕಳ ಸಾವು ಇದೆಯಾ ವಿಚಾರಿಸಿ. ಬರುವುದಾದರೆ ಲಗ್ನಪತ್ರಿಕೆ ಅಚ್ಚಾಗುವ ಮುಂಚೆ ಬನ್ನಿ. ಹುಡುಗಿಯನ್ನು ಕೇಳಿದ್ದೀರಿ ತಾನೇ?

ರೇಖಾ: ನಮ್ಮ ಯಜಮಾನರು ನನ್ನ ಸೋದರತ್ತೆ ಮಗ. ಇಬ್ಬರದೂ ಎ ಪಾಸಿಟಿವ್. ಒಂದೇ ಗ್ರೂಪ್ ಆದ್ರೆ ಮಕ್ಕಳಿಗೆ ತೊಂದರೆನಾ?

ಡಾ. ವಸುಧಾ: ಇಲ್ಲ. ಮೇಲೆ ಬರೆದಿದ್ದೇನೆ.

ಸುರೇಶ್: ತಂದೆಗೆ ಬೊಕ್ಕತಲೆ. ನನಗೆ 24. ಈಗಲೇ ಏನಾದರೂ ಮಾಡಬಹುದಾ ಮೇಡಂ?

ಬಸವರಾಜ: ಮೇಡಮ್‌ರ, ನಮ್ಮ ಕಡೆ ಅಕ್ಕನ ಮಗಳ ಮ್ಯಾಲೆ ಸ್ವಾದರಮಾವಂದ ಮೊದಲ ಹಕ್ಕು ಅಂತಾರ. ಕಾನೂನಿನಾಗ ಇದು ತಪ್ಪೇನ್ರಿ?

ಅಡ್ವೊಕೇಟ್ ಪ್ರಕಾಶ್: ನಾನು ಹೇಳ್ತೀನಿ. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಇದು ನಿಷಿದ್ಧ ಸಂಬಂಧ. ಆದರೆ ಎರಡೂ ಕಡೆಯವರ ರೂಢಿಯಲ್ಲಿ ಇದ್ದರೆ ನಡೆಯುತ್ತದೆ. ನಮ್ಮಲ್ಲಿ ನಡೆದುಕೊಂಡು ಬಂದಿರೋದು ಆ ಒಂದು ವಾಕ್ಯದ ಮೇಲೆ.

ಚೈತ್ರಾ: ಹಕ್ಕು ಅಂದ್ರೇನು ಬಸವರಾಜ ಅವರೇ, ಅವಳೇನು ಹೊಲಾನಾ?

ಬಸವರಾಜ: ನಾ ಹೇಳಿದ್ದಲ್ರೀ ಅಕ್ಕಾರ, ಊರಾಗ ಅಂತಾರ ಅಂದೆ.

ಅನಾಮಿಕ ಸದಸ್ಯೆ: ಹೆಸರು ಹಾಕೋಕೆ ಭಯ, ಮನೆಯವರೂ ಈ ಗ್ರೂಪಲ್ಲಿದ್ದಾರೆ. ನನ್ನ ಗಂಡ ನನಗೆ ಸೋದರಮಾವ. ಅಜ್ಜಿಯೇ ಅತ್ತೆ. ಮೊದಲ ಮಗು ಎಂಟನೇ ತಿಂಗಳಲ್ಲಿ ಹೋಯಿತು. ಕತ್ತು ನಿಲ್ಲಲೇ ಇಲ್ಲ, ಕಾಲು ಎತ್ತಿ ಆಡಲಿಲ್ಲ. ಕಣ್ಣು ಮಾತ್ರ ಚುರುಕು, ಯಾರು ಬಂದರೂ ನೋಡಿ ನಗೋದು. ಉಸಿರಾಡುವಾಗ ಹೊಟ್ಟೆ ಉಬ್ಬಿ ಎದೆ ಒಳಗೆ ಹೋಗೋದು. ಕೊನೆಗೆ ನ್ಯುಮೋನಿಯಾ ಅಂದರು. ಈಗ ಮತ್ತೆ ಹದಿನಾಲ್ಕು ವಾರ. ನಾಗದೋಷ ಅಂತ ಅಜ್ಜಿ ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಿದ್ದಾರೆ. ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸರಿ ಇದೆ ಅಂದರು. ಅಷ್ಟು ಸಾಕಲ್ವಾ ಮೇಡಂ?

ಡಾ. ವಸುಧಾ: ಸಾಲದಮ್ಮ. ಒಂದು ವಿಷಯ ನೆನಪು ಮಾಡಿಕೊಂಡು ಹೇಳಿ. ಮಗು ಅಳದೆ ಸುಮ್ಮನೆ ಮಲಗಿದ್ದಾಗ ನಾಲಿಗೆ ಹೇಗಿರುತ್ತಿತ್ತು?

ಅನಾಮಿಕ ಸದಸ್ಯೆ: ಸಣ್ಣಗೆ ನಡುಗುತ್ತಾ ಇತ್ತು. ನಾಲಿಗೆ ಒಳಗೆ ಹುಳ ಓಡಾಡಿದ ಹಾಗಿದೆ ಅಂತ ಅಮ್ಮ ಹೇಳ್ತಿದ್ದಳು. ಡಾಕ್ಟರಿಗೂ ನಾವು ಇದನ್ನ ಹೇಳಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?

ಡಾ. ವಸುಧಾ: ಇದನ್ನು ಪೂರ್ತಿ ಓದಿ, ಗಂಡನಿಗೂ ಓದಿಸಿ.

ಬಲವಿಲ್ಲದ ಕೈಕಾಲು, ಚುರುಕು ಕಣ್ಣು, ಹೊಟ್ಟೆಯಲ್ಲಿ ಉಸಿರಾಟ, ನಡುಗುವ ನಾಲಿಗೆ. ಇವು ನಾಲ್ಕೂ ಸೇರಿದರೆ ನಮಗೆ ಮೊದಲು ನೆನಪಾಗುವುದು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಎಸ್ಎಂಎ. ಸ್ನಾಯುಗಳಿಗೆ ಅಪ್ಪಣೆ ಕೊಡುವ ಬೆನ್ನುಹುರಿಯ ನರಕೋಶಗಳು ಸಾಯುತ್ತಾ ಹೋಗುತ್ತವೆ. ಬುದ್ಧಿಗೆ ಏನೂ ಆಗಿರುವುದಿಲ್ಲ, ಅದಕ್ಕೇ ಆ ನಗು. ಕೊನೆಗೆ ನ್ಯುಮೋನಿಯಾ ಎಂದು ಬರೆದಿರುತ್ತಾರೆ. ಅದು ಸುಳ್ಳಲ್ಲ, ಆದರೆ ಕಾರಣ ಅದಕ್ಕೂ ಹಿಂದಿನದು. ಕೆಮ್ಮಿ ಕಫ ಹೊರಹಾಕುವ ಶಕ್ತಿಯೇ ಮಗುವಿಗೆ ಇರಲಿಲ್ಲ. ಇಲ್ಲಿ ಕೂತು ನಾನು ಇದೇ ಕಾಯಿಲೆ ಎಂದು ಹೇಳಲಾರೆ, ಹೀಗೇ ಕಾಣುವ ಬೇರೆ ಕಾಯಿಲೆಗಳೂ ಇವೆ.

ಎಸ್ಎಂಎ ಆಗಿದ್ದರೆ, ಎಸ್ಎಂಎನ್1 ಎಂಬ ವಂಶವಾಹಿಯ ಒಂದು ಕೆಟ್ಟ ಪ್ರತಿ ನಿಮ್ಮಲ್ಲಿ, ಒಂದು ನಿಮ್ಮ ಗಂಡನಲ್ಲಿ ಇರುತ್ತದೆ. ಇಬ್ಬರೂ ಆರೋಗ್ಯವಾಗಿಯೇ ಇರುತ್ತೀರಿ. ಸಂಬಂಧವೇ ಇಲ್ಲದ ದಂಪತಿಗಳಲ್ಲೂ ಹೀಗಾಗುತ್ತದೆ. ನಿಮ್ಮಲ್ಲಿ ಅದು ಒಬ್ಬ ಹಿರಿಯರಿಂದಲೇ ಇಬ್ಬರಿಗೂ ಇಳಿದಿರುವ ಸಾಧ್ಯತೆ ಹೆಚ್ಚು. ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದು ಸಲ ಆಯಿತು, ಇನ್ನು ಮೂರು ಹೆರಿಗೆ ನಿಶ್ಚಿಂತೆ ಎಂದು ಲೆಕ್ಕ ಹಾಕಬೇಡಿ. ಸ್ಕ್ಯಾನಿಂಗ್‌ನಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಕೈಕಾಲು, ಹೃದಯ ಎಲ್ಲ ಸರಿಯಾಗಿಯೇ ಬೆಳೆದಿರುತ್ತವೆ.

ಸೋಮವಾರವೇ ಮೊದಲ ಮಗುವಿನ ಡಿಸ್ಚಾರ್ಜ್ ಸಮ್ಮರಿ ಹುಡುಕಿ. ಆ ಆಸ್ಪತ್ರೆಯಲ್ಲಿ ಮಗುವಿನ ರಕ್ತದ ಮಾದರಿ ಅಥವಾ ಡಿಎನ್ಎ ಇಟ್ಟಿದ್ದಾರಾ ಕೇಳಿ, ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ ನಿಮ್ಮಿಬ್ಬರ ರಕ್ತದಲ್ಲಿ ಎಂಎಲ್‌ಪಿಎ ಎಂಬ ಪರೀಕ್ಷೆ. ಇಬ್ಬರೂ ವಾಹಕರು, ಅಂದರೆ ಒಂದೊಂದು ಕೆಟ್ಟ ಪ್ರತಿ ಹೊತ್ತವರು ಎಂದು ಬಂದರೆ ಹದಿನಾರನೇ ವಾರದ ಸುಮಾರಿಗೆ ಗರ್ಭದ ನೀರು ತೆಗೆದು ಮಗುವನ್ನು ಪರೀಕ್ಷಿಸಬಹುದು. ವರದಿ ಬರಲು ವಾರಗಳು ಬೇಕು. 2021ರಲ್ಲಿ ಗರ್ಭಪಾತ ಕಾನೂನಿಗೆ ತಿದ್ದುಪಡಿಯಾಗಿ, ಇಂಥ ಸಂದರ್ಭದಲ್ಲಿ ಇಬ್ಬರು ವೈದ್ಯರ ಒಪ್ಪಿಗೆಯ ಮೇಲೆ 24 ವಾರದವರೆಗೆ ಅವಕಾಶವಿದೆ. ಅದು ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಮುಂದುವರಿಸುವುದೋ ಬಿಡುವುದೋ ನೀವಿಬ್ಬರು ತೀರ್ಮಾನಿಸುವ ವಿಷಯ. ಈಗ ಔಷಧಿಗಳೂ ಬಂದಿವೆ. ಲಕ್ಷಣ ಕಾಣುವ ಮೊದಲೇ ಶುರುವಾದರೆ ಫಲ ಹೆಚ್ಚು, ಬೆಲೆ ಮಾತ್ರ ಸಾಮಾನ್ಯರ ಕೈಗೆ ಎಟುಕದ್ದು.

ಸರ್ಪಸಂಸ್ಕಾರಕ್ಕೆ ನನ್ನ ತಕರಾರಿಲ್ಲ. ಅದನ್ನು ಮಾಡಿಸಿದ್ದೇವಲ್ಲ ಎಂದು ರಕ್ತ ಕೊಡದೆ ಕೂರಬೇಡಿ, ಅಷ್ಟೇ. ಅಜ್ಜಿಯನ್ನೂ ಬೈಯಬೇಡಿ.

ಶಿವು: ಆ ನೀರಿನ ಟೆಸ್ಟಲ್ಲಿ ಗಂಡೋ ಹೆಣ್ಣೋ ಅಂತಲೂ ಗೊತ್ತಾಗುತ್ತಂತೆ?

ಡಾ. ವಸುಧಾ: ಹೇಳುವುದಿಲ್ಲ. 1994ರ ಕಾನೂನು. ಮುಂದಿನ ಪ್ರಶ್ನೆ.

ಗೌರಮ್ಮ: ನಾನು ಚಾಮರಾಜನಗರದ ಕಡೆ ಆಶಾ ಕಾರ್ಯಕರ್ತೆ. ನಮ್ಮ ಸೋಲಿಗರ ಪೋಡಿನಲ್ಲಿ, ಅಂದ್ರೆ ಹಾಡಿಯಲ್ಲಿ, ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಯ ಪರೀಕ್ಷೆ ಆಯ್ತು. ಮದುವೆ ಗೊತ್ತಾಗಿರೋ ಹುಡುಗ ಹುಡುಗಿ ಇಬ್ಬರಿಗೂ ವಾಹಕ ಅಂತ ಬಂದಿದೆ. ಮದುವೆ ಬೇಡ ಅನ್ನಬೇಕಾ?

ವೆಂಕಟೇಶ ಶರ್ಮ: ಎಲ್ಲರೂ ಓದಲೇಬೇಕು. *ಗೋತ್ರ ಪದ್ಧತಿಯೇ ವೈ ಕ್ರೋಮೋಸೋಮ್ ವಿಜ್ಞಾನ!! ಸಾವಿರಾರು ವರ್ಷಗಳ ಹಿಂದೆಯೇ ಋಷಿಗಳಿಗೆ ತಿಳಿದಿತ್ತು. ಸಗೋತ್ರ ವಿವಾಹದಿಂದ ವೈ ದುರ್ಬಲವಾಗುತ್ತದೆ. ಹತ್ತು ಜನರಿಗೆ ಕಳಿಸಿ.*

ಡಾ. ವಸುಧಾ: ಶರ್ಮ ಅವರೇ, ಫಾರ್ವರ್ಡ್ ಬೇಡ ಎಂದು ಮೇಲೆಯೇ ಬರೆದಿದೆ. ವೈ ಎಂಬ ಡಿಎನ್ಎ ಎಳೆ ಅಪ್ಪನಿಂದ ಮಗನಿಗೆ ಬರುತ್ತದೆ ಎನ್ನುವಷ್ಟು ನಿಜ. ನಮ್ಮ ಡಿಎನ್ಎಯ ಸುಮಾರು ಮುನ್ನೂರು ಕೋಟಿ ಅಕ್ಷರಗಳಲ್ಲಿ ವೈ ಪಾಲು ಆರು ಕೋಟಿ. ಹೆಣ್ಣಿನಲ್ಲಿ ವೈ ಇಲ್ಲವೇ ಇಲ್ಲ, ಹಾಗಿದ್ದ ಮೇಲೆ ಸಗೋತ್ರದ ಹುಡುಗಿಯನ್ನು ಮದುವೆಯಾದರೆ ದುರ್ಬಲವಾಗುವುದು ಯಾವುದು? ಚಿಕ್ಕಪ್ಪನ ಮಗಳು ಸಗೋತ್ರ, ತಂಗಿ. ಸೋದರಮಾವನ ಮಗಳು ಬೇರೆ ಗೋತ್ರ, ಮದುವೆಯಾಗಬಹುದು. ವಂಶವಾಹಿ ಲೆಕ್ಕದಲ್ಲಿ ಇಬ್ಬರೂ ಎಂಟನೇ ಒಂದು. ಅಕ್ಕನ ಮಗಳೂ ಬೇರೆ ಗೋತ್ರ, ಆದರೆ ನಾಲ್ಕನೇ ಒಂದು. ಹತ್ತು ತಲೆಮಾರಿನ ಹಿಂದೆ ಕವಲೊಡೆದ ಸಗೋತ್ರದ ಹುಡುಗಿ ಇವರೆಲ್ಲರಿಗಿಂತ ದೂರದವಳು. ಗೋತ್ರ ಯಾರ ಮನೆಗೆ ಯಾರು ಸೇರಿದವರು ಎಂದು ಹೇಳುವ ಕಟ್ಟು. ಕಾಯಿಲೆ ತಡೆಯಲು ಅದನ್ನು ನಂಬಬೇಡಿ.

ವೆಂಕಟೇಶ ಶರ್ಮ: ಪಾಶ್ಚಾತ್ಯ ವಿಜ್ಞಾನ ಓದಿದವರಿಗೆ ಇದು ಅರ್ಥವಾಗುವುದಿಲ್ಲ. ಹರಪ್ಪ ಕಾಲದ ಊರು ರಾಖಿಗಢಿಯ ಡಿಎನ್ಎಯಲ್ಲಿ ಆರ್ಯರು ಹೊರಗಿಂದ ಬಂದಿಲ್ಲ ಅಂತ ಸಾಬೀತಾಗಿದೆ, ಅದನ್ನು ಯಾರೂ ಹೇಳಲ್ಲ.

ಮೂಲನಿವಾಸಿ ಕುಮಾರ್: ಉಲ್ಟಾ. ನೀವು ಹೊರಗಿನವರು ಅಂತ ಸಾಬೀತಾಗಿರೋದು. ನಾವು ದ್ರಾವಿಡರು, ಶುದ್ಧ ಈ ಮಣ್ಣಿನವರು.

ನವೀನ್: ಇವೆಲ್ಲ ಬಿಡಿ, ಅತ್ತೆ ಮಗಳು ಮಾವನ ಮಗಳು ಅಂತ ಮಾಡಿಕೊಳ್ಳೋದು ಸಾಬರ ಪದ್ಧತಿ. ಕಾಯಿಲೆ ಬರೋದು ಅಲ್ಲಿಂದ.

ಚೈತ್ರಾ: ನವೀನ್, ಈ ಪೋಸ್ಟಿನ ಮೊದಲ ಪ್ರಶ್ನೆ ಓದಿದ್ರಾ? ಮಂಜುನಾಥ್ ಅವರು ಯಾವ ಸಾಬರು?

ಇಮ್ರಾನ್: ನಮ್ಮಲ್ಲಿ ಅಕ್ಕನ ಮಗಳನ್ನ ಮದುವೆ ಆಗೋದು ಹರಾಮ್ ಸಾರ್. ತಿಳ್ಕೊಂಡು ಮಾತಾಡಿ.

ಡಾ. ವಸುಧಾ: ಒಂದೇ ಸಲ ಹೇಳುತ್ತೇನೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನಲ್ಲಿ ನಡೆದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗ ದಂಪತಿಗಳು ರಕ್ತಸಂಬಂಧಿಗಳು. ಎಲ್ಲ ಧರ್ಮದವರೂ ಇದ್ದರು, ಸೋದರಮಾವನ ಮದುವೆಗಳು ಹೆಚ್ಚಾಗಿ ಹಿಂದೂಗಳವು.

ರಾಖಿಗಢಿಯಲ್ಲಿ 61 ಮಾದರಿಗಳಲ್ಲಿ ಡಿಎನ್ಎ ಸಿಕ್ಕಿದ್ದು ಒಂದರಲ್ಲಿ, ಒಬ್ಬ ಹೆಣ್ಣಿನದು. 2019ರಲ್ಲಿ ಪ್ರಕಟವಾಯಿತು. ಆರ್ಯರ ಜೊತೆ ತಳುಕು ಹಾಕುವ ಮಧ್ಯ ಏಷ್ಯಾದ ಹುಲ್ಲುಗಾವಲಿನವರ ಅಂಶ ಆಕೆಯಲ್ಲಿ ಇರಲಿಲ್ಲ. ಅದೇ ವರ್ಷದ ಇನ್ನೊಂದು ದೊಡ್ಡ ಅಧ್ಯಯನ ಆ ಜನ ಇಲ್ಲಿಗೆ ಬಂದದ್ದು ಕ್ರಿ.ಪೂ. 2000ದಿಂದ 1500ರ ನಡುವೆ ಎಂದಿತು, ಆಕೆ ಅದಕ್ಕೂ ಮೊದಲಿನವಳು. ಹಾಗಾಗಿ ಶರ್ಮ ಅವರ ಸಾಬೀತು ನಿಲ್ಲುವುದಿಲ್ಲ. ಕುಮಾರ್ ಅವರ ಶುದ್ಧವೂ ನಿಲ್ಲುವುದಿಲ್ಲ. ದಕ್ಷಿಣದವರಲ್ಲೂ ಇಲ್ಲಿನ ಬೇಟೆಗಾರರ ಅಂಶದ ಜೊತೆ ಪ್ರಾಚೀನ ಇರಾನಿನವರಿಗೆ ಹತ್ತಿರದ ಜನರ ಅಂಶ ಬೆರೆತಿದೆ. ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ಈ ದೇಶದಲ್ಲಿ ಎಲ್ಲರೂ ಎಲ್ಲರೊಡನೆ ಬೆರೆತರು. ಆಮೇಲೆ ಜಾತಿಯೊಳಗೇ ಮದುವೆ ಎಂದು ಬಾಗಿಲು ಹಾಕಿಕೊಂಡರು. ನನ್ನ ಕ್ಲಿನಿಕ್ಕಿಗೆ ಸಂಬಂಧಪಟ್ಟಿದ್ದು ಆ ಬಾಗಿಲು.

ಪದ್ಮಿನಿ: ಮೇಡಂ, ಯಜಮಾನರಿಗೆ ಅಪೆಂಡಿಕ್ಸ್ ಆಪರೇಷನ್ ಮುಗಿದ ಮೇಲೂ ಗಂಟೆಗಟ್ಟಲೆ ಸ್ವಂತ ಉಸಿರು ಬರಲಿಲ್ಲ, ವೆಂಟಿಲೇಟರಲ್ಲಿ ಇಟ್ಟಿದ್ದರು. ಅರಿವಳಿಕೆ ಡಾಕ್ಟರು ಹೊರಗೆ ಬಂದು "ನೀವು ಶೆಟ್ಟರಾ?" ಅಂತ ಕೇಳಿದರು. ಹೌದು ನಾವು ವೈಶ್ಯರೇ. ಆದರೂ ಅಂಥಾ ಹೊತ್ತಲ್ಲಿ ಜಾತಿ ಕೇಳಿದರಲ್ಲ ಅಂತ ಈಗಲೂ ಬೇಜಾರು.

ಡಾ. ವಸುಧಾ: ಪದ್ಮಿನಿಯವರೇ, ಆ ವೈದ್ಯರು ಚೆನ್ನಾಗಿ ಓದಿಕೊಂಡವರು. ಅರಿವಳಿಕೆಯ ಹೊತ್ತಿಗೆ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಕೊಡುತ್ತಾರೆ. ಅದನ್ನು ಕೆಲವೇ ನಿಮಿಷದಲ್ಲಿ ಕರಗಿಸುವ ಒಂದು ಕಿಣ್ವ ರಕ್ತದಲ್ಲಿರುತ್ತದೆ. ಕಿಣ್ವ ಇಲ್ಲದವರಲ್ಲಿ ಔಷಧಿ ಗಂಟೆಗಟ್ಟಲೆ ಉಳಿದು ಉಸಿರಾಟದ ಸ್ನಾಯು ಎಚ್ಚರವಾಗುವುದಿಲ್ಲ. ವೈಶ್ಯರಲ್ಲಿ ಈ ಕೊರತೆ ಬೇರೆಯವರಿಗಿಂತ ಬಹಳ ಹೆಚ್ಚು. ಯಾವುದೋ ಕಾಲದ ಸಣ್ಣ ಗುಂಪೊಂದು ತನ್ನೊಳಗೇ ಮದುವೆಯಾಗುತ್ತಾ ಬೆಳೆದು ದೊಡ್ಡದಾಯಿತು, ಆಗಿನ ಒಬ್ಬಿಬ್ಬರ ದೋಷ ಈಗ ಸಾವಿರಾರು ಜನರಲ್ಲಿದೆ. ಗೋತ್ರ ತಪ್ಪಿಸಿ, ನೆಂಟಸ್ತಿಕೆ ತಪ್ಪಿಸಿ ಮದುವೆಯಾದರೂ ಜಾತಿಯೊಳಗೆ ಎಲ್ಲರೂ ದೂರದ ನೆಂಟರೇ. ಇದು ನಿಮ್ಮ ಜಾತಿಯೊಂದರ ಕತೆಯೂ ಅಲ್ಲ. 2017ರ ಅಧ್ಯಯನವೊಂದು ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿತ್ತು. ಅವುಗಳಲ್ಲಿ 81 ಗುಂಪುಗಳಲ್ಲಿ ಈ ಪರಿಣಾಮ ಇದಕ್ಕೇ ಹೆಸರಾದ ಫಿನ್ಲೆಂಡಿನವರಿಗಿಂತ, ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಿಗಿಂತ ಬಲವಾಗಿತ್ತು.

ಯಜಮಾನರ ಕಿಣ್ವ ಪರೀಕ್ಷೆ ಮಾಡಿಸಿ, ಅವರ ಅಣ್ಣತಮ್ಮ ಅಕ್ಕತಂಗಿಯರದ್ದೂ. ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಲಿ. ಬೇರೆ ಔಷಧಿಗಳಿವೆ, ಮುಂಚೆ ತಿಳಿದರೆ ಸಾಕು.

ಮೂಲನಿವಾಸಿ ಕುಮಾರ್: ಅಂದರೆ ಡಿಎನ್ಎ ಟೆಸ್ಟ್ ಮಾಡಿದರೆ ಜಾತಿ ಗೊತ್ತಾಗುತ್ತಾ? ಸುಳ್ಳು ಸರ್ಟಿಫಿಕೇಟ್ ಹಿಡಿಯಬಹುದಲ್ಲ?

ಡಾ. ವಸುಧಾ: ಇಲ್ಲ. ಜಾತಿ ವಂಶವಾಹಿಯಲ್ಲಿ ಬರೆದಿಲ್ಲ.

ವೆಂಕಟೇಶ ಶರ್ಮ: ಈಗಷ್ಟೇ ವೈಶ್ಯರಲ್ಲಿ ಇದೆ ಅಂದಿರಿ.

ಡಾ. ವಸುಧಾ: ಒಂದು ಕೊರತೆ ಅವರಲ್ಲಿ ಹೆಚ್ಚು ಎಂದೆ. ಅದಿಲ್ಲದ ವೈಶ್ಯರೇ ಬಹುಪಾಲು, ಅದಿರುವ ಬೇರೆಯವರೂ ಇದ್ದಾರೆ. ದಯವಿಟ್ಟು ಓದಿ ಬರೆಯಿರಿ.

ಗೌರಮ್ಮ: ಮೇಡಂ ನನ್ನ ಪ್ರಶ್ನೆ ಮೇಲೆ ಹೋಗಿಬಿಡ್ತು. ಸಿಕಲ್ ಸೆಲ್.

ಲಲಿತಾ: ಗೌರಮ್ಮ, ಬೀಟ್‌ರೂಟ್, ನುಗ್ಗೆಸೊಪ್ಪು, ಬೆಲ್ಲ ಸೇರಿಸಿ 48 ದಿನ ಕೊಟ್ಟರೆ ಸಿಕಲ್ ಸೆಲ್, ಥಲಸೀಮಿಯಾ ಎರಡೂ ಮಾಯ. ಇಂಗ್ಲಿಷ್ ಮಾತ್ರೆ ನಿಲ್ಲಿಸಬೇಕು. ನಮ್ಮ ಗ್ರೂಪಲ್ಲಿ ಬಂದಿತ್ತು.

ಡಾ. ವಸುಧಾ: ಅಡ್ಮಿನ್, ಇದನ್ನು ಅಳಿಸಿ. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸೀಮಿಯಾ ಮಗುವಿನ ಹೃದಯ, ಯಕೃತ್ತಿನಲ್ಲಿ ಕಬ್ಬಿಣ ಆಗಲೇ ತುಂಬಿರುತ್ತದೆ. ಅದನ್ನು ಹೊರಹಾಕಲು ನಾವು ಔಷಧಿ ಕೊಡುತ್ತಿದ್ದರೆ ನೀವು ಇನ್ನಷ್ಟು ತುಂಬಿ ಎನ್ನುತ್ತಿದ್ದೀರಿ. ಸಿಕಲ್ ಸೆಲ್ ಇರುವವರು ಹೈಡ್ರಾಕ್ಸಿಯೂರಿಯಾ ಎಂಬ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಸಿಕಲ್ ಸೆಲ್ ಇರುವ ಮಗುವಿಗೆ ಜ್ವರ ಬಂದರೆ ಕಷಾಯ ಕುಡಿಸಿ ಬೆಳಗಾಗಲಿ ಎಂದು ಕಾಯಬಾರದು, ರಾತ್ರಿಯೇ ಆಸ್ಪತ್ರೆ.

ಲಲಿತಾ: ಒಳ್ಳೇದಕ್ಕೆ ಹೇಳಿದ್ದು. ಇಷ್ಟು ಸಿಟ್ಟು ಯಾಕೋ.

ಡಾ. ವಸುಧಾ: ಗೌರಮ್ಮನವರೇ, ವಾಹಕ ಎಂದರೆ ರೋಗಿಯಲ್ಲ, ಮೊದಲು ಪೋಡಿನಲ್ಲಿ ಅದನ್ನು ಹೇಳಿ. ಒಂದೇ ಕೆಟ್ಟ ಪ್ರತಿ ಇದ್ದವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ, 1954ರಿಂದಲೇ ಗೊತ್ತಿರುವ ವಿಷಯ. ಮಲೇರಿಯಾ ಇದ್ದ ಕಾಡಿನ ಜನರಲ್ಲಿ ಅದು ಉಳಿದು ಬಂದದ್ದು ಹಾಗೆ, ಯಾರ ತಪ್ಪೂ ಅಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಂಭವ. ಮದುವೆ ಬೇಡ ಎಂದು ನೀವು ಹೇಳಬೇಡಿ. ಇಬ್ಬರನ್ನೂ ಕೂರಿಸಿ ಇಷ್ಟನ್ನು ತಿಳಿಸಿ, ಅವರು ತೀರ್ಮಾನಿಸಲಿ. ಮದುವೆಯಾದರೆ ಬಸಿರಾದ ಕೂಡಲೇ ಜಿಲ್ಲಾಸ್ಪತ್ರೆಗೆ ಕರೆತನ್ನಿ. ಹುಡುಗಿಯ ಕಾರ್ಡನ್ನು ಊರಿಗೆಲ್ಲ ತೋರಿಸಬೇಡಿ.

ಕಿರಣ್: ಮೇಡಂ ಬ್ಲಡ್ ಗ್ರೂಪ್ ಬೇರೆ ಇದ್ರೆ ಮಾವನ ಮಗಳು ಓಕೆನಾ?

ಅಡ್ಮಿನ್: ಕಿರಣ್, ಮೇಲೆ ಓದಿ. ಶರ್ಮ, ಕುಮಾರ್, ನವೀನ್ ಇನ್ನೂ ಕೆಳಗೆ ಕಿತ್ತಾಡಿದ್ದನ್ನು ಅಳಿಸಿದ್ದೇನೆ. ಹತ್ತು ನಿಮಿಷದಲ್ಲಿ ಕಾಮೆಂಟ್ ಬಂದ್.

ಅನಾಮಿಕ ಸದಸ್ಯೆ: ಮೇಡಂ, ಗಂಡನಿಗೆ ಓದಿಸಿದೆ. ನನ್ನಲ್ಲಿ ದೋಷ ಇಲ್ಲ, ರಕ್ತ ಕೊಡಲ್ಲ ಅಂತಿದ್ದಾರೆ. ಅಜ್ಜಿ ಅಳ್ತಿದ್ದಾರೆ.

ಡಾ. ವಸುಧಾ: ಅವರಿಗಾಗಿ ಕಾಯಬೇಡಿ. ಮೊದಲು ನಿಮ್ಮೊಬ್ಬರ ರಕ್ತ ಕೊಡಿ. ನೀವು ವಾಹಕಿ ಅಲ್ಲ ಎಂದು ಬಂದರೆ ಎಸ್ಎಂಎಯ ಅನುಮಾನ ಬಹುಮಟ್ಟಿಗೆ ಬಗೆಹರಿಯುತ್ತದೆ, ಆಗ ಬೇರೆ ಕಾಯಿಲೆ ಹುಡುಕೋಣ. ಹೌದು ಎಂದು ಬಂದರೆ ವರದಿ ಹಿಡಿದು ಅವರನ್ನೂ ಕರೆತನ್ನಿ, ನಾನು ಮಾತಾಡುತ್ತೇನೆ. ಅಜ್ಜಿಯೂ ಬರಲಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ, ಖಾಲಿ ಹೊಟ್ಟೆ ಬೇಕಿಲ್ಲ. ವಿಳಾಸ ಮೆಸೇಜ್ ಮಾಡಿದ್ದೇನೆ.